ಕೂದಲೆಳೆಯಷ್ಟು ಸಂದು

"ಹೊಸ ಚಮಚದ ಥರ ಹೊಳೀತಿದೆಯಲ್ಲ... ಈ ಹಳಿ ಹಾಕಿದ ಪುಣ್ಯಾತ್ಮ ಜನ್ಮದಲ್ಲಿ ಒಂದಾದ್ರೂ ರೈಲು ನೋಡಿದ್ದಾನಾ?"

ಖಾಲಿ ಸಭಾಂಗಣದಲ್ಲಿ ಅವಳು ಗಟ್ಟಿಯಾಗಿಯೇ ಕೇಳಿದಳು. ಕೇಳಿಸಿಕೊಳ್ಳಲು ಅಲ್ಲಿ ನರಪಿಳ್ಳೆಯೂ ಇರಲಿಲ್ಲ.

"ನೋಡಿದ್ದೀನಿ."

ಉತ್ತರ ಬಂದದ್ದು ಅವಳ ಕಾಲಬುಡದಿಂದ!

ಅವಳು ಬೆಚ್ಚಿ ಹಿಂದೆ ಸರಿದಳು. ಕೈಯಲ್ಲಿದ್ದ ಚಿಮಟ ಜಾರಿತು. ಚಿಮಟದ ತುದಿಯಲ್ಲಿದ್ದ, ಉಗುರಿನಷ್ಟೇ ಎತ್ತರದ ಸ್ಟೇಷನ್ ಮಾಸ್ಟರು ನೆಲಕ್ಕೆ ಬಿದ್ದ.

ಹದಿನೆಂಟು ಅಡಿ ಉದ್ದದ ಹಲಗೆಯ ಕೆಳಗಿನಿಂದ ಒಬ್ಬ ತೆವಳಿ ಹೊರಬಂದ. ಹಣೆಗೆ ಕಟ್ಟಿದ ದೀಪ, ಹೆಗಲ ಮೇಲೆ ಕೆಂಪು ಕಪ್ಪು ತಂತಿಯ ಸುರುಳಿ. ಅಂಗೈಯಲ್ಲಿ ಬಿದ್ದ ಸ್ಟೇಷನ್ ಮಾಸ್ಟರು.

"ಇವರು ನಿಮ್ಮ ಕಡೆಯವರಾ?"

"ಹೌದು. ಕೊಡಿ."

"ಮೊಣಕಾಲು ತರಚಿದೆ. ಸ್ವಲ್ಪ ಬಣ್ಣ ಹಚ್ಚಿ, ವಾಸಿಯಾಗುತ್ತೆ."

ನಗಬೇಕೋ ಸಿಟ್ಟಾಗಬೇಕೋ ಅವಳಿಗೆ ತಿಳಿಯಲಿಲ್ಲ. ಎರಡನ್ನೂ ಅರ್ಧರ್ಧ ಮಾಡಿದಳು.

ರೈಲಿನ ವಸ್ತುಸಂಗ್ರಹಾಲಯಕ್ಕಾಗಿ ಪುಟ್ಟ ರೈಲು ಓಡುವ ಮಾದರಿ ಊರೊಂದನ್ನು ಕಟ್ಟಲು ಇಬ್ಬರನ್ನು ಗೊತ್ತುಮಾಡಿದ್ದರು. ಹಳಿ ಮತ್ತು ವಿದ್ಯುತ್ತು ಅವನದು. ಬೆಟ್ಟ, ಮರ, ಮನೆ, ಮನುಷ್ಯರು ಅವಳದು. ಉದ್ಘಾಟನೆಯ ದಿನ ಇದು ಚೆನ್ನಾಗಿ ಓಡಿದರೆ ಮುಂದೆ ಇಡೀ ಸಭಾಂಗಣ ತುಂಬುವ ದೊಡ್ಡ ಮಾದರಿ... ಮೂರು ವರ್ಷದ ಕೆಲಸ! ಅವಳು ಓದು ಮುಗಿಸಿದಂದಿನಿಂದ ಕಂಡ ಕನಸು ಅದು.

"ಹಳಿಯ ಪಕ್ಕಕ್ಕೆ ತುಕ್ಕಿನ ಬಣ್ಣ ಹಚ್ಚಿ, ಬೇಡ ಅನ್ನಲ್ಲ," ಎಂದ ಅವನು. "ತಲೆ ಮಾತ್ರ ಮುಟ್ಟಬೇಡಿ. ಒಂದು ಹನಿ ಬಣ್ಣ ಕೂತ್ರೂ ಗಾಡಿ ನಿಲ್ಲುತ್ತೆ."

"ಯಾರ ತಲೆ? ಸರಿಯಾಗಿ ಹೇಳಿಬಿಡಿ, ಆಮೇಲೆ ತೊಂದರೆ ಬೇಡ."

ಅವನು ಮತ್ತೆ ಹಲಗೆಯ ಕೆಳಗೆ ನುಸುಳಿದ. ಆದರೆ ಕೆಳಗಿನಿಂದ ಒಂದು ಸಣ್ಣ ನಗು ಕೇಳಿಸಿತೇ? ಇಲ್ಲ, ಭ್ರಮೆ ಇರಬೇಕು...

ಹೀಗೆ ಆರು ತಿಂಗಳು ಕಳೆಯಿತು. ಮೇಲೆ ಅವಳು, ಕೆಳಗೆ ಅವನು.

ಅವಳು ಸೋಸಿದ ಚಹಾಪುಡಿಯನ್ನು ಉದುರಿಸಿ ಮಣ್ಣು ಮಾಡಿದಳು. ತಂತಿ ತಿರುಚಿ ಮರ ನಿಲ್ಲಿಸಿದಳು. ಹೂವಿನಂಗಡಿ ತೆರೆದಳು, ಒಗೆದ ಬಟ್ಟೆ ಹರವುವ ಹೆಂಗಸನ್ನು ಮಹಡಿಗೆ ಹತ್ತಿಸಿದಳು. ಎಲ್ಲವನ್ನೂ ಚಿಟಿಕೆಯಲ್ಲೇ ಹಿಡಿದು ಕೂರಿಸುವ ಅವಳನ್ನು ಅವನು 'ಚಿಟಿಕೆ' ಎಂದು ಕರೆಯತೊಡಗಿದ. ಅವನಿಗೆ ಅವಳಿಟ್ಟ ಹೆಸರು 'ತಂತಿರಾಯ'. ದಿನಕ್ಕೆ ಎಣಿಸಿ ಹತ್ತು ಮಾತು ಆಡುವವನು! ಯಾವುದನ್ನೂ ಬಿಡಿಸಿ ಹೇಳುತ್ತಿರಲಿಲ್ಲ. ಇವಳೂ ಬಿಂಕ ಬಿಟ್ಟು ಕೇಳುತ್ತಿರಲಿಲ್ಲ.

ಮನೆಯಲ್ಲಿ ಚಿಕ್ಕಮ್ಮ ಮಾತ್ರ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ಇವತ್ತು ಅವನು ಏನಂದ ಗೊತ್ತಾ ಚಿಕ್ಕಮ್ಮಾ? 'ಮರ ಸ್ವಲ್ಪ ಸರಿಸಿ' ಅಂದ. ಅಷ್ಟೇ! ಯಾಕೆ, ಏನು, ಒಂದೂ ಇಲ್ಲ!"

"ಮರ ಸರಿಸಿದ್ಯಾ?"

"ಸರಿಸಿದೆ."

"ನಾನು ಹೇಳಿದ್ರೆ ಬಾಗಿಲ ಮುಂದಿನ ಚಪ್ಪಲಿ ಸರಿಸಲ್ಲ ನೀನು. ಅವನಿಗೆ ಮರಾನೇ ಸರಿಸ್ತೀಯ!"

ಅವಳ ಕಿವಿ ಕೆಂಪಾಯಿತು. ಛೇ, ಹಾಗೇನಿಲ್ಲ... ಎಂದು ತನಗೆ ತಾನೇ ಹೇಳಿಕೊಂಡಳು. ನಂಬಿಸಿಕೊಳ್ಳಲು ಆಗಲಿಲ್ಲ.

ಉದ್ಘಾಟನೆಯ ಹಿಂದಿನ ದಿನ. ಅವನು ಕೊನೆಯ ಬಾರಿ ರೈಲು ಓಡಿಸಿ, ಸರಿಯಿದೆ ಎಂದು ತಲೆಯಾಡಿಸಿ, ಮಧ್ಯಾಹ್ನವೇ ಹೊರಟುಹೋಗಿದ್ದ. ಅವಳು ಭೂತಗನ್ನಡಿ ಹಿಡಿದು ಊರನ್ನೆಲ್ಲ ಒಮ್ಮೆ ನೋಡುತ್ತ ಬಂದಳು.

ರೈಲು ದೊಡ್ಡ ಸುತ್ತು ಹೊಡೆದು, ಮುಖ ತಿರುಗಿಸಿ, ಬಂದ ದಾರಿಗೇ ಮರಳುವ ತಿರುವು ಅದು. ಅಲ್ಲಿ ಎರಡು ಹಳಿಗಳಲ್ಲೂ ಕೂದಲೆಳೆಯಷ್ಟು ಸಂದು!

'ಅಯ್ಯೋ... ಜೋಡಿಸೋದನ್ನ ಮರೆತು ಹೋಗಿದ್ದಾನೆ!'

ನಾಳೆ ಬರುವ ದೊಡ್ಡವರ ಕಣ್ಣಿಗೆ ಇದು ಬಿದ್ದರೆ? ಅರೆಬರೆ ಕೆಲಸದವನು ಎಂದು ಅವನಿಗಲ್ಲವೇ ಕೆಟ್ಟ ಹೆಸರು? ಅವಳು ಎರಡು ಬಾರಿ ಯೋಚಿಸಲಿಲ್ಲ. ಕತ್ತರಿಸಿ ಉಳಿದಿದ್ದ ಹಳಿಯ ಎರಡು ಚೂರುಗಳನ್ನು ಅರದಿಂದ ತೇದು ತೆಳ್ಳಗೆ ಮಾಡಿ, ಎರಡೂ ಸಂದುಗಳಲ್ಲಿ ಬಿಗಿಯಾಗಿ ಕೂರಿಸಿ, ಪಕ್ಕಕ್ಕೆ ತನ್ನದೇ ತುಕ್ಕಿನ ಬಣ್ಣ ಬಳಿದಳು. ತಾನೇ ಹುಡುಕಿದರೂ ಸಿಗದ ಹಾಗೆ!

"ನಿನ್ನ ಮಾನ ಉಳಿಸಿದೆ ಕಣೋ ತಂತಿರಾಯ," ಎಂದು ಹೇಳಿ ಹಗುರವಾಗಿ ಮನೆಗೆ ಹೋದಳು.

ಮರುದಿನ ಸಭಾಂಗಣ ಕಿಕ್ಕಿರಿದಿತ್ತು. ವಸ್ತುಸಂಗ್ರಹಾಲಯದ ಮೇಲ್ವಿಚಾರಕಿ ಗುಂಡಿ ಒತ್ತಿದರು. ರೈಲು ಹೊರಟಿತು. ಸೇತುವೆ ದಾಟಿತು, ಬೆಟ್ಟದ ಸುರಂಗ ಹೊಕ್ಕು ಹೊರಬಂತು. ಜನ ಚಪ್ಪಾಳೆ ತಟ್ಟಿದರು. ತಿರುವಿಗೆ ಬಂತು...

ನಿಂತಿತು.

ಊರಿನ ದೀಪಗಳೆಲ್ಲ ಒಟ್ಟಿಗೆ ಆರಿದವು.

ಅವನು ಹಲಗೆಯ ಕೆಳಗೆ ನುಗ್ಗಿದ. ಎರಡು ನಿಮಿಷಕ್ಕೆ ಮೇಲೆದ್ದ. ತಿರುವಿನ ಹಳಿಯ ಮೇಲೆ ಉಗುರು ಎಳೆಯುತ್ತ ಹೋದ. ಉಗುರು ಒಂದು ಕಡೆ ತಡೆಯಿತು. ಅವನು ತಲೆಯೆತ್ತಿ ಅವಳನ್ನು ನೋಡಿದ. ಒಂದೇ ಒಂದು ಉಸಿರಿನಷ್ಟು ಹೊತ್ತು.

ಆಮೇಲೆ ಮೇಲ್ವಿಚಾರಕಿಯತ್ತ ತಿರುಗಿದ. "ತಪ್ಪು ನನ್ನದು ಮೇಡಂ. ವೈರಿಂಗಲ್ಲಿ ಎಡವಟ್ಟಾಗಿದೆ. ಈಗ ಸರಿಮಾಡೋಕೆ ಆಗಲ್ಲ."

ಬಂದವರು ಗುಸುಗುಸು ಎನ್ನುತ್ತ ಚದುರಿದರು. ಮೇಲ್ವಿಚಾರಕಿಯ ಮುಖ ಸುಣ್ಣದಂತೆ ಬಿಳಿಚಿತ್ತು. "ದೊಡ್ಡ ಮಾದರಿಗೆ ನಾವು ಬೇರೆಯವರನ್ನ ನೋಡ್ಕೋತೀವಿ," ಎಂದು ಅವನಿಗೆ ನೇರವಾಗಿ ಹೇಳಿದರು. ಅವಳಿಗೆ, "ನೀವು ನಾಳೆ ಬನ್ನಿ," ಎಂದರು.

ಮೊಗಸಾಲೆಯಲ್ಲಿ ಅವಳು ಅವನ ದಾರಿಗಡ್ಡ ನಿಂತಳು. ಆರು ತಿಂಗಳ ಬಿಂಕವೆಲ್ಲ ಒಡೆದುಹೋಯಿತು.

"ಒಂದು ದಿನ! ಒಂದೇ ಒಂದು ದಿನ ಸರಿಯಾಗಿ ಓಡಿಸೋಕೆ ಆಗ್ಲಿಲ್ವಾ ನಿಮಗೆ? ನೀವು ಬಿಟ್ಟುಹೋದ ಸಂದನ್ನ ಕೂಡ ನಾನೇ ತುಂಬಿದೆ, ಯಾರಿಗೂ ಕಾಣಬಾರದು ಅಂತ. ಅಷ್ಟು ಮಾಡಿದ್ರೂ...!"

ಅವನ ಮುಖದಲ್ಲಿ ಏನೋ ಅಲುಗಿತು.

"ನನಗೋಸ್ಕರ ತುಂಬಿದ್ರಾ?"

"ಮತ್ತೆ? ನಮ್ಮ ಚಿಕ್ಕಮ್ಮನಿಗೋಸ್ಕರಾನಾ?"

ಅವನ ತುಟಿಯ ಮೇಲೆ ಮೆಲ್ಲಗೆ ನಗು ಮೂಡಿತು. ಕೆಲಸ ಕಳೆದುಕೊಂಡವನು ಹಾಗೆ ನಗಬಹುದೇ? 'ಕಲ್ಲು ಮನುಷ್ಯ!' ಎಂದು ಶಪಿಸುತ್ತ ಅವಳು ಮನೆಗೆ ಹೋದಳು. ದಿಂಬು ಒದ್ದೆಯಾದದ್ದು ಯಾಕೆಂದು ಮಾತ್ರ ತಿಳಿಯಲಿಲ್ಲ.

ಬೆಳಗ್ಗೆ ಸಭಾಂಗಣಕ್ಕೆ ಬಂದರೆ ರೈಲು ಓಡುತ್ತಿತ್ತು! ತಿರುವು ಸುತ್ತಿ, ಮುಖ ತಿರುಗಿಸಿ, ಬಂದ ದಾರಿಗೆ ಮರಳುತ್ತಿತ್ತು. ಅವನು ಇರಲಿಲ್ಲ. ಎಲ್ಲರೂ ಹೋದ ಮೇಲೆ ಉಳಿದು ಸರಿಮಾಡಿ ಹೋದನೆಂದು ಕಾವಲಿನವರು ಹೇಳಿದರು.

ಅವಳು ತಿರುವಿನ ಮೇಲೆ ಬಾಗಿದಳು.

ಅವಳು ಕೂರಿಸಿದ್ದ ಚೂರುಗಳು ಅಲ್ಲಿರಲಿಲ್ಲ. ಅದೇ ಜಾಗದಲ್ಲಿ ತೆಳುವಾದ ಪ್ಲಾಸ್ಟಿಕ್ ತುಣುಕುಗಳು. ಅವುಗಳ ಪಕ್ಕಕ್ಕೆ ಬಣ್ಣ. ತುಕ್ಕಿನದಲ್ಲ, ಸುಟ್ಟ ಬ್ರೆಡ್ಡಿನ ಬಣ್ಣ! ಕುಂಚ ಹಿಡಿದು ಗೊತ್ತಿಲ್ಲದವನ ಕೈ. ಸಂದು ಅವಳ ಕಣ್ಣಿಗೆ ಚುಚ್ಚಬಾರದೆಂದು ಅವನೇ ಹಚ್ಚಿದ್ದ.

ಆರು ತಿಂಗಳಲ್ಲಿ ಮೊದಲ ಬಾರಿಗೆ ಅವಳು ಹಲಗೆಯ ಕೆಳಗೆ ನುಸುಳಿದಳು.

ಅಲ್ಲಿ ಇನ್ನೊಂದು ಊರೇ ಇತ್ತು. ಬಾಚಿ ಹೆಣೆದ ಜಡೆಗಳಂತೆ ತಂತಿಗಳು. ನಕ್ಷೆಯೊಂದನ್ನು ಮರಕ್ಕೆ ಅಂಟಿಸಿದ್ದ. ತಿರುವಿನ ಜಾಗದಲ್ಲಿ ಅವನ ಅಕ್ಷರ: 'ರೈಲು ಇಲ್ಲಿ ಮುಖ ತಿರುಗಿಸುವಾಗ ಎಡಹಳಿ ಹೋಗಿ ಬಲಹಳಿಯನ್ನು ಸೇರುತ್ತದೆ. ಸಂದು ಇರಲೇಬೇಕು. ರೈಲು ಬಂದಾಗ ಮಾತ್ರ ಈ ತಿರುವಿಗೆ ವಿದ್ಯುತ್ತು ಹರಿಯುತ್ತದೆ; ಆಗ ಸಂದಿನಲ್ಲಿ ಲೋಹ ತಾಗಿದರೆ ಎಲ್ಲ ನಿಲ್ಲುತ್ತದೆ.'

ಅವನು ಮರೆತದ್ದಲ್ಲ. ಬೇಕೆಂದೇ ಬಿಟ್ಟದ್ದು! ಪದ್ಯ ಓದುವವರು ಉಸಿರಿಗಾಗಿ ನಿಲ್ಲುವ ಜಾಗದಂತೆ... ಅದನ್ನು ಹುಡುಕಿ ಹುಡುಕಿ ಮುಚ್ಚಿದವಳು ತಾನು.

ಪ್ರತಿ ದೀಪದ ತಂತಿಗೂ ಚೀಟಿ ಕಟ್ಟಿದ್ದ. 'ಅವಳ ಹೂವಿನಂಗಡಿ.' 'ಅವಳ ಮಹಡಿ.' ಟಿಕೆಟ್ ಕೊಡುವ ಜಾಗಕ್ಕೆ ಹೋಗುವ ತಂತಿಯಲ್ಲಿ, 'ಅವಳ ಕಿಟಕಿ. ಮೆಲ್ಲಗೆ.'

ಹಲಗೆಯ ಕೆಳಗೆ ಕುಳಿತು ಅವಳು ಬಾಯಿಗೆ ಕೈ ಒತ್ತಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನೇರ ಮೇಲ್ವಿಚಾರಕಿಯ ಕೋಣೆಗೆ ನಡೆದಳು. ಮಾಡಿದ್ದುಣ್ಣೋ ಮಹಾರಾಯ ಎಂದ ಮೇಲೆ ಇನ್ನೊಬ್ಬರ ತಟ್ಟೆಗೆ ಬಡಿಸಬಾರದು.

ಎಲ್ಲ ಕೇಳಿದ ಮೇಲೆ ಅವರು ಕನ್ನಡಕ ತೆಗೆದರು.

"ಒಂದೇ ಹಲಗೆ. ಮೇಲೊಬ್ಬರು, ಕೆಳಗೊಬ್ಬರು. ಆರು ತಿಂಗಳಲ್ಲಿ 'ಇದೇನು' ಅಂತ ಕೇಳೋ ಬಾಯಿ ನಿಮಗಿಲ್ಲ, 'ಇದು ಹೀಗೆ' ಅನ್ನೋ ಬಾಯಿ ಅವರಿಗಿಲ್ಲ!"

"ತಪ್ಪು ನನ್ನದು ಮೇಡಂ. ದೊಡ್ಡ ಮಾದರಿ ಅವರಿಗೆ ಕೊಡಿ. ನಾನು ಬಿಡ್ತೀನಿ." ಅವಳ ದನಿ ನಡುಗಲಿಲ್ಲ.

"ಬರೆದುಕೊಡಿ. ಆದ್ರೆ ಅಪವಾದ ಹೊತ್ತವರು ಅವರು. ನೀವು ಹೋಗಬೇಕೋ ಇರಬೇಕೋ ಅವರೇ ಹೇಳ್ಲಿ. ಇದಕ್ಕೆ ಅವರ ರುಜು ಇದ್ರೆ ನಿಮ್ಮನ್ನ ಬಿಡ್ತೀನಿ. ಇಲ್ಲದಿದ್ರೆ ಇಬ್ಬರೂ ನಾಳೆ ಒಂಬತ್ತಕ್ಕೆ ಇಲ್ಲಿರಬೇಕು."

ಅವನ ಅಂಗಡಿ ಎರಡು ಬೀದಿಯಾಚೆ. ಗೋಡೆತುಂಬ ಬಿಚ್ಚಿಟ್ಟ ರೇಡಿಯೋಗಳು. ಅವಳನ್ನು ಕಂಡು ಅವನು ಬೆಸುಗೆಯ ಕಡ್ಡಿಯನ್ನು ಕೆಳಗಿಟ್ಟು ಎದ್ದುನಿಂತ.

"ಸುಟ್ಟ ಬ್ರೆಡ್ಡಿನ ಬಣ್ಣ ಎಲ್ಲಿ ಸಿಕ್ತು?" ಎಂದಳು ಅವಳು.

ಅವನು ತಲೆ ತಗ್ಗಿಸಿದ. "ಅಷ್ಟೊಂದು ಕೆಟ್ಟದಾಗಿತ್ತಾ?"

"ತುಂಬಾ!" ಅವಳು ಮೇಜಿನ ಹತ್ತಿರ ಬಂದಳು. "ಯಾಕೆ ಸುಳ್ಳು ಹೇಳಿದ್ರಿ? ನನ್ನ ತಪ್ಪು ಅಂತ ಅಲ್ಲೇ ಹೇಳಬಹುದಿತ್ತಲ್ಲ?"

"ಮೊದಲು... ಅಷ್ಟು ಜನದ ಮುಂದೆ ಬೇಡ ಅನ್ನಿಸ್ತು. ಆಮೇಲೆ ನೀವೇ ಹೇಳಿದ್ರಿ, ನನ್ನ ಹೆಸರು ಕೆಡಬಾರದು ಅಂತ ತುಂಬಿದೆ ಅಂತ." ಅವನು ಮಾತು ಹುಡುಕಿದ. "ನನಗೋಸ್ಕರ ಯಾರೂ ಏನನ್ನೂ ಮುಚ್ಚಿರಲಿಲ್ಲ. ಅದನ್ನ ತಪ್ಪು ಅಂತ ಹೇಗೆ ಕರೀಲಿ?"

ಬೀದಿಯ ಸದ್ದೆಲ್ಲ ಅವಳಿಗೆ ದೂರವಾಯಿತು.

"ಆ ಚೀಟಿ... 'ಮೆಲ್ಲಗೆ' ಅಂತ ಯಾರಿಗೆ ಬರೆದದ್ದು?"

"ನನಗೇ. ಕೈ ಜೋರಾದ್ರೆ ಮೇಲೆ ನಿಮ್ಮ ಕಿಟಕಿ ಅಲುಗಾಡ್ತಿತ್ತು."

"ಇದನ್ನೆಲ್ಲ ಬಾಯಿಬಿಟ್ಟು ಹೇಳೋಕೇನು ನಿಮಗೆ?"

"ಕೆಳಗಿಂದ ಹೇಳಿದ್ದು ಮೇಲೆ ಕೇಳಿಸಲ್ಲ ಅಂದ್ಕೊಂಡೆ. ನನಗೆ ಮಾತ್ರ ಎಲ್ಲಾ ಕೇಳಿಸ್ತಿತ್ತು... ನೀವು ಮರಗಳನ್ನ ಬೈಯೋದು, ಆ ಸ್ಟೇಷನ್ ಮಾಸ್ಟರಿಗೆ ಬುದ್ಧಿ ಹೇಳೋದು. ಒಂದು ದಿನ ನೀವು ಬರಲಿಲ್ಲ. ಅವತ್ತು ಒಂದು ತಂತೀನೂ ಸರಿ ಕೂರಲಿಲ್ಲ." ಅವನು ಮುಖವೆತ್ತಿದ. "ಇಷ್ಟ ಅಂದ್ರೆ ಇದೇ ಇರಬೇಕು, ಚಿಟಿಕೆ. ನೀನಂದ್ರೆ ನನಗೆ ತುಂಬಾ ಇಷ್ಟ."

ಹತ್ತು ಮಾತಿನವನು ಎಷ್ಟು ಮಾತಾಡಿಬಿಟ್ಟ!

"ನನಗೂ," ಎಂದಳು ಅವಳು. ಕಣ್ಣು ತುಂಬಿತ್ತು, ದನಿ ಗಟ್ಟಿಯಾಗಿತ್ತು. "ನನಗೂ ನೀನೇ ಇಷ್ಟ. ಅದಕ್ಕೇ ಮೇಡಂಗೆ ಎಲ್ಲಾ ಹೇಳಿ ಬಂದೆ. ಕೆಲಸ ನಿನಗೆ ವಾಪಸ್. ನಾನು ಬಿಡ್ತೀನಿ ಅಂತ ಬರೆದಿದ್ದೀನಿ, ನೀನು ರುಜು ಹಾಕಿದ್ರೆ ಮಾತ್ರ ಆಗುತ್ತಂತೆ." ಕಾಗದ ಬಿಡಿಸಿ ಮೇಜಿನ ಮೇಲಿಟ್ಟಳು. "ತಪ್ಪು ಮಾಡಿದವಳು ನಾನು. ಹಾಕು."

ಅವನು ಕಾಗದವನ್ನು ಎತ್ತಿಕೊಂಡು ನಿಧಾನವಾಗಿ, ಕೊನೆಯ ಸಾಲಿನವರೆಗೂ ಓದಿದ. ಮಡಿಸಿ ಅವಳ ಅಂಗೈಯಲ್ಲಿಟ್ಟು, ಆ ಬೆರಳುಗಳ ಮೇಲೆ ತನ್ನ ಕೈ ಮುಚ್ಚಿದ.

"ಹಠ ಮಾಡಬೇಡ," ಎಂದಳು ಅವಳು ಮೆತ್ತಗೆ. "ನಾನು ಕೇಳ್ತಿರೋದು ಒಂದೇ ಒಂದು ರುಜು... ಹಾಕು."

"ಹಾಕಲ್ಲ."