ಹತ್ತು ಸಾವಿರದ ಮಿತಿ

ಬೋರ್ಡಿನ ಮೇಲಿನ ದೀಪಗಳೆಲ್ಲ ಒಟ್ಟಿಗೇ ಕೆಂಪಾದಾಗ ನಾನು ಅವನ ಮುಖ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ಆರು ತಿಂಗಳಿಂದ ಈ ಮಿತಿಗಾಗಿಯೇ ನಾವಿಬ್ಬರು ಕಿತ್ತಾಡಿದ್ದೆವು. ನಮ್ಮ ತಂಡ ಕಟ್ಟುತ್ತಿದ್ದ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಲೆಕ್ಕದೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಹೀಗೆ ಹತ್ತು ಸಾವಿರ ಹೆಜ್ಜೆಗಿಂತ ಆಳಕ್ಕೆ ಯಾವ ಪ್ರೋಗ್ರಾಮೂ ಇಳಿಯಕೂಡದು, ಇಳಿದರೆ ಭಾಷೆಯೇ ತಡೆಯಬೇಕು ಎಂಬುದು ನನ್ನ ಹಟ. ಇಲ್ಲದಿದ್ದರೆ ಮೆಮೊರಿಯನ್ನೆಲ್ಲ ನುಂಗಿ ಮೆಷಿನ್ ಸದ್ದಿಲ್ಲದೆ ಹ್ಯಾಂಗ್ ಆಗುತ್ತದೆ. ಬೇರೆಯವರ ತುತ್ತು ಎಣಿಸೋಕೆ ನಾವ್ಯಾರು ಎಂದು ಅವನು ನಗುತ್ತಿದ್ದ. ನಗುವಾಗ ಎಡಹುಬ್ಬು ಒಂಚೂರು ಮೇಲೇರುತ್ತಿತ್ತು. ಅದನ್ನು ನೋಡಲೆಂದೇ ನಾನು ಮುಗಿದ ವಾದವನ್ನು ಮತ್ತೆ ಕೆದಕುತ್ತಿದ್ದೆ.

ಕೊನೆಗೆ ಗೆದ್ದವಳು ನಾನು. ವಾದ ಗೆದ್ದವರು ಮೊದಲ ದಿನ ಕೆಲಸ ನಡೆಯುವ ಜಾಗದಲ್ಲೇ ಇರಬೇಕು, ಸೋತವರು ಪಕ್ಕದಲ್ಲಿ ಕೂರಬೇಕು. ಇದು ನಮ್ಮ ತಂಡದ ಪದ್ಧತಿ. ನಮ್ಮ ಭಾಷೆಯಲ್ಲಿ ಬರೆದ ಪ್ರೋಗ್ರಾಮ್ ಈ ಬೆಳಗ್ಗೆ ಮೊದಲ ಸಲ ರೈಲುಗಳ ಸಿಗ್ನಲ್ ನಡೆಸುತ್ತಿತ್ತು, ಹಾಗಾಗಿ ಇಬ್ಬರೂ ರೈಲ್ವೆ ಸಿಗ್ನಲ್ ರೂಮಿನಲ್ಲಿದ್ದೆವು. ಅವನ ಅಮ್ಮ ಐದನೇ ನಂಬರಿನ ರೈಲು ಓಡಿಸುತ್ತಿದ್ದರು.

ಎರಡು ಹಳಿಗಳನ್ನು ರಿಪೇರಿಗೆಂದು ಮುಚ್ಚಿದ್ದರು. ಬದಲಿ ದಾರಿ ಹುಡುಕುತ್ತ ಆಳಕ್ಕಿಳಿದ ಪ್ರೋಗ್ರಾಮ್ ನನ್ನ ಮಿತಿಗೆ ಬಡಿದು ನಿಂತಿತು. ಅದು ನಿಂತರೆ ಎಲ್ಲ ಸಿಗ್ನಲ್ ಕೆಂಪು.

ಸಿಗ್ನಲ್ ಮೇಷ್ಟ್ರು ರೇಡಿಯೋದಲ್ಲಿ ಒಂದೊಂದೇ ರೈಲನ್ನು ಕರೆದರು. ಒಂದು ನಿಂತಿತ್ತು. ಎರಡು, ಮೂರು, ನಾಲ್ಕೂ ನಿಂತಿದ್ದವು. ಐದು ಉತ್ತರಿಸಲಿಲ್ಲ.

ಐದು ಸುರಂಗದೊಳಗಿದೆ, ಅಲ್ಲಿ ಇಳಿಜಾರು, ನಾಲ್ಕು ಅಲ್ಲೇ ಮುಂದೆ ನಿಂತಿದೆ ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು.

ಅವನು ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಲೆಕ್ಕವನ್ನು ಮಿತಿಯಿಲ್ಲದೆ ಓಡಿಸಿದ. ಹತ್ತು ಸಾವಿರದ ನಲವತ್ತಕ್ಕೆ ದಾರಿ ಸಿಕ್ಕಿತು.

"ನಲವತ್ತು ಹೆಜ್ಜೆ," ಎಂದೆ. "ನನ್ನಿಂದಲೇ ಆಯ್ತು."

"ನಂಬರ್ ತಪ್ಪು. ನಿಲ್ಲಿಸಿದ್ದು ತಪ್ಪಲ್ಲ." ಅವನು ಲ್ಯಾಪ್‌ಟಾಪ್ ಮುಚ್ಚಿದ. "ದಾರಿಯೇ ಸಿಗದೆ ಹ್ಯಾಂಗ್ ಆಗಿ ಹಸಿರೇ ಉಳಿದಿದ್ರೆ ಅಮ್ಮ ಬ್ರೇಕೇ ಹಾಕ್ತಿರಲಿಲ್ಲ."

ಮೇಜಿನ ಕೆಳಗೆ ತಡಕಾಡಿ ನನ್ನ ಕೈ ಹಿಡಿದ. ಅವನದು ನನ್ನದಕ್ಕಿಂತ ತಣ್ಣಗಿತ್ತು.

ರೇಡಿಯೋ ಗೊರಗುಟ್ಟಿತು.

"ಐದು ನಿಂತಿದೆ. ಮುಂದಿನ ಗಾಡಿಯ ದೀಪ ಕೈಗೆ ಸಿಗೋ ಹಾಗಿದೆ. ಯಾರಪ್ಪ ನನ್ನನ್ನ ಹೀಗೆ ನಿಲ್ಲಿಸಿದ್ದು?"

ಮೇಷ್ಟ್ರು ಮೈಕನ್ನು ಮೆಲ್ಲಗೆ ಅವನ ಕಡೆ ತಳ್ಳಿದರು.

"ನಾನು ಮದುವೆ ಆಗ್ಬೇಕು ಅಂತಿರೋ ಹುಡುಗಿ, ಅಮ್ಮ."

ಐದೂ ರೈಲುಗಳು ಕೇಳಿಸಿಕೊಂಡವು.

"ಅವಳಿಗೆ ಗೊತ್ತಾ?"

"ಇಲ್ಲ."

"ಚೆನ್ನಾಗಿದೆ. ಕೇಳು ಮತ್ತೆ. ನಾನು ಹೇಗೂ ಇಲ್ಲೇ ನಿಂತಿದ್ದೀನಿ."

ಅವನು ನನ್ನ ಕಡೆ ತಿರುಗಿದ. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಹೊಸ ಮಿತಿಯನ್ನು ಎರಡು ಸಲ ತಪ್ಪಾಗಿ ಒತ್ತಿ, ಎರಡು ಸಲ ಅಳಿಸಿದೆ.

"ಈಗ ಮಾತಾಡಿಸಬೇಡ," ಎಂದೆ. "ಮೊದಲು ಅತ್ತೆ ಸುರಂಗ ದಾಟಲಿ."