ಎಡಗಡೆಯ ಕೆಂಪು ಗೆರೆ

ಬೆಳಗ್ಗೆ ಕಲ್ಲಿನ ಉಗ್ರಾಣದಲ್ಲಿ ಎಂಜಿನಿಯರ್ ಪೆಟ್ಟಿಗೆಯ ಮುಚ್ಚಳ ತೆಗೆದ. ಕಲ್ಲು ಇರಬೇಕಾದಲ್ಲಿ ಮರದ ತುಂಡಿತ್ತು.

ಅದು ಬೀದಿಯಲ್ಲಿ ಸಿಗುವ ಕಲ್ಲಲ್ಲ. ನೆಲದಾಳಕ್ಕೆ ಕೊಳವೆ ಇಳಿಸಿ ಇಡಿಯಾಗಿ ಮೇಲೆತ್ತಿದ, ಒನಕೆಯ ತುಂಡಿನಂತೆ ಉರುಟಾದ ಕಲ್ಲು. ಮುಷ್ಟಿಯಷ್ಟು ದಪ್ಪ, ಗೇಣುದ್ದ. ಊರಿನ ಆಸ್ಪತ್ರೆಯನ್ನು ಕಲ್ಲಿದ್ದಲು ಸುಡದೆ ಬೆಚ್ಚಗಿಡಲು ನೆಲದಡಿಯ ಬಿಸಿನೀರು ತರುವ ಯೋಜನೆಯಿತ್ತು. ಆ ನೀರಿನ ಮೇಲೆ ಮುಚ್ಚಳದಂತೆ ಕೂತ ಪದರದ ತುಂಡು ಇದು. ಮುಚ್ಚಳ ಎಷ್ಟು ಒತ್ತಡ ತಾಳುತ್ತದೆಂದು ತಿಳಿಯಲು ಅಂದೇ ಮಧ್ಯಾಹ್ನ ಅದನ್ನು ಯಂತ್ರದಲ್ಲಿಟ್ಟು ಒಡೆಯಬೇಕಿತ್ತು. ಒಡೆಯದೆ ಮೇಲೆ ಬಂದದ್ದು ಅದೊಂದೇ.

ನಿರ್ದೇಶಕರು ಠಾಣೆಗೆ ಫೋನ್ ಮಾಡಿದರು. ಆಮೇಲೆ ಉಗ್ರಾಣದ ಮುಖ್ಯಸ್ಥೆಯನ್ನು ಕರೆದು, ಮಧ್ಯಾಹ್ನದೊಳಗೆ ಕಲ್ಲು ಸಿಗದಿದ್ದರೆ ಬೀಗದ ಕೈ ಒಪ್ಪಿಸಿ ಹೋಗಬೇಕೆಂದರು. ಅವಳು ಎದುರಾಡಲಿಲ್ಲ.

ಠಾಣೆಯಿಂದ ಬಂದ ಇನ್ಸ್‌ಪೆಕ್ಟರ್ ಅವಳ ಸ್ವಂತ ತಂಗಿ.

* * *

ಇನ್ಸ್‌ಪೆಕ್ಟರ್ ಜೀಪಿನ ಬಾಗಿಲು ಹಾಕಿದಳು. ನಾಲ್ಕು ಹೆಜ್ಜೆ ಬಂದು, ಮತ್ತೆ ಹಿಂದಿರುಗಿ ಎಳೆದು ನೋಡಿದಳು. ಉಗ್ರಾಣದ ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಅಷ್ಟರ ನಡುವೆಯೂ ನಗು ಬಂತು.

“ಗ್ಯಾಸ್ ಆಫ್ ಮಾಡಿ ಬಂದ್ಯಾ ಪುಟ್ಟಿ?”

“ಎರಡು ಸಲ ನೋಡ್ದೆ. ಇವತ್ತು ಪ್ರಶ್ನೆ ಕೇಳೋದು ನಾನು, ಅಕ್ಕ.”

ಅಕ್ಕ ಮೊದಲು ತೋರಿಸಿದ್ದು ಹಿಂಬದಿಯ ಕಿಟಕಿ. ಅಗಳಿ ಮುರಿದಿತ್ತು. ಹೊರಗಿನ ಕಳ್ಳನೇ ಇರಬೇಕೆಂದಳು. ಇನ್ಸ್‌ಪೆಕ್ಟರ್ ಬಗ್ಗಿ ನೋಡಿದಳು. ಚೌಕಟ್ಟಿನ ಉದ್ದಕ್ಕೂ ಜೇಡರ ಬಲೆ. ಒಂದು ಎಳೆಯೂ ಹರಿದಿರಲಿಲ್ಲ.

ಅಕ್ಕನ ಕಣ್ಣಿಗೆ ಇದು ಬೀಳಲಿಲ್ಲವೇ?

ಪೆಟ್ಟಿಗೆಯ ಹತ್ತಿರ ಎಂಜಿನಿಯರ್ ಮುಖ ಗಂಟಿಕ್ಕಿಕೊಂಡು ನಿಂತಿದ್ದ. ಇಲ್ಲಿ ಕಲ್ಲು ತೆಗೆದವರು ಆ ಜಾಗಕ್ಕೆ ಅಷ್ಟೇ ಉದ್ದದ ಮರ ಇಡಬೇಕು, ಇಲ್ಲದಿದ್ದರೆ ಉಳಿದ ತುಂಡುಗಳು ಜರುಗಿ ಆಳದ ಲೆಕ್ಕ ತಪ್ಪುತ್ತದೆ ಎಂದು ವಿವರಿಸಿದ. ಕದ್ದವನು ಆ ನಿಯಮವನ್ನೂ ಪಾಲಿಸಿದ್ದ.

“ಕಲ್ಲುಗಳ ಮೇಲಿನ ಈ ಎರಡು ಗೆರೆಗಳು ಯಾತಕ್ಕೆ?”

“ಮೇಲು ಯಾವುದು, ಕೆಳಗು ಯಾವುದು ಗೊತ್ತಾಗ್ಲಿ ಅಂತ ಮೇಡಂ. ಬಲಕ್ಕೆ ಕೆಂಪು, ಎಡಕ್ಕೆ ನೀಲಿ. ಇದು ತಪ್ಪಿದ್ರೆ ನಿಮ್ಮಕ್ಕ ಊಟ ಬಿಡ್ತಾರೆ.”

ಮರದ ತುಂಡಿನ ಮೇಲೂ ಗೆರೆಗಳಿದ್ದವು. ಮೇಲ್ಮುಖದ ಬಾಣವೂ ಇತ್ತು. ಇನ್ಸ್‌ಪೆಕ್ಟರ್ ಬಾಣವನ್ನು ಮೇಲಕ್ಕೆ ಹಿಡಿದು ನೋಡಿದಳು. ಕೆಂಪು ಎಡಗಡೆಗಿತ್ತು.

ಅವಳು ಸೀಮೆಸುಣ್ಣದ ಡಬ್ಬಿ ತರಿಸಿ, ಗೆರೆ ಹೇಗೆ ಎಳೆಯುತ್ತಾರೆಂದು ತೋರಿಸಲು ಎಂಜಿನಿಯರ್‌ಗೆ ಹೇಳಿದಳು. ಅವನು ಯೋಚಿಸದೆ ಬಲಕ್ಕೆ ಕೆಂಪು ಎಳೆದ. ಕೆಳಗಿನ ಕಪಾಟಿನ ಧೂಳು ಹಿಡಿದ ಪೆಟ್ಟಿಗೆಗಳನ್ನೂ ತೆಗೆಸಿದಳು. ಅವುಗಳಲ್ಲಿ ಕೆಂಪೆಲ್ಲ ಎಡಕ್ಕೇ.

“ಅವು ಮೇಷ್ಟ್ರ ಕಾಲದವು,” ಎಂದ ಎಂಜಿನಿಯರ್. “ನಿಮ್ಮಕ್ಕ ಬಂದ್ಮೇಲೆ ಪದ್ಧತಿ ಬದಲಾಯ್ತು.”

* * *

ಮೇಷ್ಟ್ರು ಅಕ್ಕನಿಗೆ ವಿದ್ಯೆ ಕಲಿಸಿದವರು. ನಿವೃತ್ತರಾಗಿ ವರ್ಷಗಳಾಗಿದ್ದರೂ ಉಗ್ರಾಣದೊಳಗೇ ಹಿಂಬದಿಯ ಸಣ್ಣ ಕೋಣೆಗೆ ಆಗಾಗ ಬಂದು, ಮಸೂರ ಹಿಡಿದು ಕಲ್ಲು ನೋಡುತ್ತ ಕೂರುತ್ತಿದ್ದರು. ಇನ್ಸ್‌ಪೆಕ್ಟರನ್ನು ಕಂಡು ಮುಖವರಳಿಸಿ ಚಹಾ ಬಗ್ಗಿಸಿಕೊಟ್ಟರು.

ಚಹಾ ಆರಿಹೋಗಿತ್ತು.

ಅವಳು ಫ್ಲಾಸ್ಕ್ ಕಡೆ ನೋಡಿದಳು. ಮೇಷ್ಟ್ರ ತೀರಿಕೊಂಡ ಹೆಂಡತಿ ಅದಕ್ಕೊಂದು ಬೂದುಬಣ್ಣದ ಉಣ್ಣೆಯ ಗವಸು ಹೆಣೆದು ಕೊಟ್ಟಿದ್ದರು. ಹಳೆಯ ಫ್ಲಾಸ್ಕು ಶಾಖ ಹಿಡಿಯುವುದು ಆ ಗವಸಿನಿಂದಲೇ ಎಂದು ಮೇಷ್ಟ್ರು ಬಂದವರಿಗೆಲ್ಲ ಹೇಳುತ್ತಿದ್ದರು. ಇವತ್ತು ಫ್ಲಾಸ್ಕು ಬೋಳಾಗಿತ್ತು.

ಗೇಣುದ್ದ. ಮುಷ್ಟಿ ದಪ್ಪ.

ಅವಳು ಏನೂ ಕೇಳದೆ ಆರಿದ ಚಹಾ ಪೂರ್ತಿ ಕುಡಿದಳು.

* * *

ಅಕ್ಕ, ಎಂಜಿನಿಯರ್, ಮೇಷ್ಟ್ರು, ಮೂವರನ್ನೂ ಪೆಟ್ಟಿಗೆಯ ಹತ್ತಿರ ಕರೆಸಿದಳು. ನಿರ್ದೇಶಕರಿಗಿನ್ನೂ ಹೇಳಿ ಕಳಿಸಿರಲಿಲ್ಲ.

ಹೊರಗಿನವರು ಬಂದಿಲ್ಲ, ಜೇಡನೇ ಸಾಕ್ಷಿ ಎಂದಳು. ಹೊರಗಿನ ಕಳ್ಳ ಮರ ಇಟ್ಟು ಹೋಗುವುದಿಲ್ಲ. ಕೈಗೆ ಹಳೆಯ ಅಭ್ಯಾಸ ಅಂಟಿದವನು ಮಾತ್ರ ಇಡುತ್ತಾನೆ. ಆ ಕೈ ಎಡಕ್ಕೆ ಕೆಂಪು ಎಳೆದು ಪಳಗಿದ್ದು.

“ಮೇಷ್ಟ್ರೇ, ಫ್ಲಾಸ್ಕಿಗೆ ಚಳಿ ಆಗ್ತಿದೆ. ಗವಸು ಎಲ್ಲಿ?”

ಮೇಷ್ಟ್ರು ತಲೆ ತಗ್ಗಿಸಿದರು. ಕೋಣೆಗೆ ಹೋಗಿ ಉಣ್ಣೆಯ ಗವಸನ್ನು ಎಳೆಮಗುವಿನಂತೆ ಎತ್ತಿಕೊಂಡು ಬಂದರು. ಒಳಗೆ ಕಲ್ಲು ಭದ್ರವಾಗಿತ್ತು.

“ಇದೊಂದು ಹಳೇ ಸರೋವರದ ತಳ,” ಎಂದರು ಮೆಲ್ಲಗೆ. “ಮಳೆ ಬಂದ ವರ್ಷ, ಬಾರದ ವರ್ಷ, ಎಲ್ಲ ಪದರ ಪದರವಾಗಿ ಕೂತಿದೆ. ಯಂತ್ರಕ್ಕೆ ಕೊಟ್ರೆ ಅರ್ಧ ನಿಮಿಷದಲ್ಲಿ ಪುಡಿ. ಓದಿ ಮುಗಿಸಿ ವಾಪಸ್ ಇಡೋಣ ಅಂತಿದ್ದೆ.”

“ಕೇಳಬಹುದಿತ್ತಲ್ಲ ಸರ್?” ಎಂದ ಎಂಜಿನಿಯರ್.

“ನಿವೃತ್ತನಾದವನು ಕೇಳಿದ್ರೆ ಕೆಲಸಕ್ಕೆ ಅಡ್ಡಿ ಅಂತಾರಪ್ಪ.”

ಇನ್ಸ್‌ಪೆಕ್ಟರ್ ಅಕ್ಕನ ಕಡೆ ತಿರುಗಿದಳು. “ಚಿಕ್ಕಂದಿನಲ್ಲಿ ನನ್ನ ಜಡೆ ಒಂದಿಷ್ಟು ಸೊಟ್ಟಗಿದ್ರೂ ಬಿಚ್ಚಿ ಕಟ್ಟುತ್ತಿದ್ದೋಳು ನೀನು. ಈ ಸೊಟ್ಟ ಗೆರೆ ನೋಡಿ ಸುಮ್ಮನಿದ್ದೆ. ನಿಂಗೆ ಮೊದಲೇ ಗೊತ್ತಾಗಿತ್ತು.”

“ಕೆಲಸ ಹೋದ್ರೆ ಹೋಗ್ಲಿ ಅಂದ್ಕೊಂಡೆ,” ಎಂದಳು ಅಕ್ಕ. “ಆ ಕೆಲಸ ಕಲಿಸಿದ್ದೇ ಅವರು.”

ಎಂಜಿನಿಯರ್ ಕಲ್ಲನ್ನು ಬೆಳಕಿಗೆ ಹಿಡಿದು, ಪದರಗಳನ್ನು ಅಡ್ಡಹಾಯ್ದ ಬಿಳಿ ಎಳೆಯೊಂದರ ಮೇಲೆ ಬೆರಳಿಟ್ಟ.

“ಇದೇನು ಸರ್?”

“ಬಿರುಕು. ಯಾವಾಗಲೋ ನೆಲ ನಡುಗಿದೆ. ಸುಣ್ಣ ತುಂಬಿ ತಾನೇ ಮುಚ್ಚಿಕೊಂಡಿದೆ. ಮೇಲಿನ ಪದರಗಳಿಗೆ ದಾಟಿಲ್ಲ, ನೋಡು.”

ಎಂಜಿನಿಯರ್ ಆ ಎಳೆಯ ಉದ್ದಕ್ಕೂ ಬೆರಳು ಸರಿಸಿ ನೋಡಿದ. ಬಿಸಿನೀರಿನ ಮುಚ್ಚಳ ಬಿರಿದರೆ ಏನಾಗುತ್ತದೆನ್ನುವುದು ಅವನ ನಿದ್ದೆ ಕೆಡಿಸಿದ ಪ್ರಶ್ನೆ. ಯಂತ್ರ ಬಿರಿಯುವ ಗಳಿಗೆಯನ್ನಷ್ಟೇ ಹೇಳಬಲ್ಲದು. ಬಿರಿದದ್ದು ಕೂಡಿಕೊಂಡೀತೇ ಎಂಬುದನ್ನು ಈ ಕಲ್ಲು ಆಗಲೇ ಬರೆದುಕೊಂಡಿತ್ತು.

“ಪರೀಕ್ಷೆ ಮುಂದಕ್ಕೆ ಹಾಕ್ತೀನಿ,” ಎಂದ. “ನೀವು ಓದಿ ಮುಗಿಸಿ ಸರ್. ನಿರ್ದೇಶಕರ ಹತ್ರ ನಾನೇ ಮಾತಾಡ್ತೀನಿ.”

“ಕಳ್ಳತನದ ದೂರು?” ಇನ್ಸ್‌ಪೆಕ್ಟರ್ ಕೇಳಿದಳು.

“ಕಲ್ಲು ಉಗ್ರಾಣದ ಬಾಗಿಲು ದಾಟಿಲ್ಲ. ಮರ ಇಟ್ಟೇ ತೆಗೆದಿದ್ದಾರೆ,” ಎಂದಳು ಅಕ್ಕ. “ತಪ್ಪಾಗಿರೋದು ಗೆರೆ ಒಂದೇ. ಅದಕ್ಕೆ ಮಾತ್ರ ಶಿಕ್ಷೆ ಉಂಟು.”

ಕೆಳಗಿನ ಕಪಾಟಿನ ಕಡೆ ಕೈ ತೋರಿಸಿದಳು. ಆ ಮೂಲೆಯಿಂದ ಈ ಮೂಲೆಯವರೆಗೆ ಹಳೆಯ ಪೆಟ್ಟಿಗೆಗಳು.

“ಇವೆಲ್ಲದರ ಕೆಂಪನ್ನೂ ಬಲಕ್ಕೆ ತರಬೇಕು, ಮೇಷ್ಟ್ರೇ. ದಿನಾ ಬರಬೇಕಾಗುತ್ತೆ.”

ಮೇಷ್ಟ್ರು ಕಪಾಟನ್ನೊಮ್ಮೆ ಉದ್ದಕ್ಕೂ ನೋಡಿದರು. ಗವಸನ್ನು ಕೊಡವಿ ಫ್ಲಾಸ್ಕಿಗೆ ತೊಡಿಸಲು ಹೊರಟವರು ಬಾಗಿಲಲ್ಲಿ ನಿಂತು, ನಾಳೆ ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತೀರಿ ಎಂದು ಕೇಳಿದರು.