ಗೋಧಿತೆನೆಯ ಬೆನ್ನು

ಪ್ಲಾಸ್ ವಾಂದೋಮ್ ಚೌಕದ ಒರ್ಮಾಂಸೆ ಆಭರಣ ಮಳಿಗೆಯಿಂದ ಸೋಮವಾರ ಬೆಳಿಗ್ಗೆ ಬಂದ ದೂರು ವಿಚಿತ್ರವಾಗಿತ್ತು. ಮಳಿಗೆಯ ಚರಿತ್ರೆಯ ಪ್ರದರ್ಶನಕ್ಕೆಂದು ಹರಾಜಿನಲ್ಲಿ ಮರಳಿ ಕೊಂಡಿದ್ದ, ೧೯೬೧ರಲ್ಲಿ ಅಲ್ಲೇ ತಯಾರಾದ ವಜ್ರದ ಗೋಧಿತೆನೆ ಬ್ರೋಚ್ ಭಾನುವಾರ ಕಾಣೆಯಾಗಿ, ಸೋಮವಾರ ಗಾಜಿನ ಪೆಟ್ಟಿಗೆಯಲ್ಲೇ ಪ್ರತ್ಯಕ್ಷವಾಗಿತ್ತು. ಇನ್‌ಸ್ಪೆಕ್ಟರ್ ಒಡೀಲ್ ಗಾರ್ಸಾಂ ಪ್ರಕರಣ ದಾಖಲಿಸಿ, ಕಾನ್‌ಸ್ಟೇಬಲ್ ಬಾಸ್ತಿಯಾನ್ ಜೊತೆ ಹೊರಟಳು.

"ಬೀಗದ ಕೈ ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಒಂದು, ವರ್ಕ್‌ಶಾಪ್ ಮೇಸ್ತ್ರಿ ರೆಜಿಸ್ ಹತ್ರ ಒಂದು," ಎಂದಳು ಮಳಿಗೆಯ ನಿರ್ದೇಶಕಿ.

ತಪಾಸಣೆಗೆ ಬ್ರೋಚನ್ನು ತಿರುಗಿಸಿದಾಗ ನಿರ್ದೇಶಕಿ ಹುಬ್ಬೇರಿಸಿದಳು. "ಹಿಂದಿನ ಪಿನ್ನು ಸಡಿಲ ಇತ್ತು. ಈಗ ಗಟ್ಟಿಯಾಗಿದೆ!"

"ಕದ್ದು, ರಿಪೇರಿ ಮಾಡಿ ತಂದಿಟ್ಟಿದಾನೆ. ಇಂಥ ಕಳ್ಳ ನಮ್ಮನೆಗೂ ಬರಬಾರದಾ? ನಲ್ಲಿ ಸೋರ್ತಿದೆ," ಎಂದ ಬಾಸ್ತಿಯಾನ್.

ಒಡೀಲ್ ನಗಲಿಲ್ಲ. ಸೀದಾ ಮೇಲಿನ ವರ್ಕ್‌ಶಾಪಿಗೆ ಹೋದಳು. ಐವತ್ತೈದು ದಾಟಿದ ರೆಜಿಸ್ ವಾಲ್ತಿಯೆ ಎದ್ದು ನಿಂತ.

"ಪಿನ್ನು ಬಿಗಿ ಮಾಡಿದ್ದು ಯಾಕೆ?"

"ಬಿದ್ದುಹೋದ್ರೆ ಅಂತ ಭಯ ಆಯ್ತು." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಎಲ್ಲಿಂದ ಬೀಳ್ತಿತ್ತು?"

"ಅಮ್ಮನ ಎದೆ ಮೇಲಿಂದ."

ತಾಯಿ ಜಿನೆತ್ ಇಪ್ಪತ್ತರ ಹುಡುಗಿಯಾಗಿದ್ದಾಗ ಇದೇ ವರ್ಕ್‌ಶಾಪಿನಲ್ಲಿ ಆ ತೆನೆಗೆ ಪಾಲಿಶ್ ಮಾಡಿದ್ದಳು, ಯಾರಿಗೂ ಕಾಣದ ಬೆನ್ನಿನಲ್ಲೂ ಒಂದೊಂದು ಕಾಳಿನ ಸಂದಿಗೆ ಪಾಲಿಶ್ ಪುಡಿ ಹಚ್ಚಿದ ದಾರ ಎಳೆದು. ಮಾಡಿದವರು ಆಭರಣವನ್ನು ಮೈಗೆ ಹಾಕಿ ನೋಡಬಾರದೆಂಬುದು ವರ್ಕ್‌ಶಾಪಿನ ಕಟ್ಟುನಿಟ್ಟು. ಈಗ ಅವಳು ಮೊಂತ್ರೆಯ್ ಆಸ್ಪತ್ರೆಯಲ್ಲಿ ಕೊನೆಯ ದಿನ ಎಣಿಸುತ್ತಿದ್ದಳು.

"ನಿನ್ನೆ ಅಮ್ಮನಿಗೆ ತೊಡಿಸಿ, ಮಳಿಗೆಯವರೇ ಮರ್ಯಾದೆಗೆ ಕಳಿಸಿದಾರೆ ಅಂದೆ. ನನ್ನನ್ನ ಒಳಗೆ ಹಾಕಿ ಮೇಡಂ. ಅದೊಂದು ಸುಳ್ಳು ಅಂತ ಮಾತ್ರ ಅವಳಿಗೆ ಗೊತ್ತಾಗೋದು ಬೇಡ."

ರೆಜಿಸ್‌ನನ್ನು ಅಲ್ಲೇ ಬಂಧಿಸಲಾಯಿತು. ತಾಯಿಯ ಹೇಳಿಕೆ ಬಾಕಿಯಿತ್ತು. ಮಧ್ಯಾಹ್ನ ಒಡೀಲ್ ಆಸ್ಪತ್ರೆಯ ಹಾಸಿಗೆಯ ಪಕ್ಕ ನಿಂತು ಪೊಲೀಸ್ ಗುರುತಿನ ಚೀಟಿ ತೆಗೆಯಲು ಜೇಬಿಗೆ ಕೈಹಾಕುತ್ತಿದ್ದಂತೆ ಮುದುಕಿ ಕಣ್ಣು ತೆರೆದಳು.

"ಮಳಿಗೆಯಿಂದ ಬಂದ್ರಾ?"

ಒಡೀಲ್‌ಳ ಕೈ ಜೇಬಿನಲ್ಲೇ ಉಳಿಯಿತು. "ಹೌದಮ್ಮ."

"ಮೊದಲು ಬೆನ್ನು ತಿರುಗಿಸಿ ನೋಡಿದೆ. ಒಂದು ಕಾಳೂ ಮಂಕಾಗಿಲ್ಲ." ಮುದುಕಿ ಖಾಲಿ ಎದೆಯನ್ನು ಸವರಿಕೊಂಡಳು. "ಹಾಗಾದ್ರೆ ನನ್ನನ್ನ ಮರೆತಿಲ್ಲ ಅನ್ನಿ."

"ಮರೆತಿಲ್ಲ."

ಒಡೀಲ್ ಬಾಗಿಲಿನತ್ತ ನಡೆದಳು. ಹೊರಗೆ ಬಾಸ್ತಿಯಾನ್ ಪೆನ್ನು ಹಿಡಿದು ಕಾಯುತ್ತಿದ್ದ.

"ಹೇಳಿಕೆ ಏನಂತ ಬರೀಲಿ ಮೇಡಂ?"

"ಕಾಯಿಲೆ ಜೋರಾಗಿದೆ, ವಿಚಾರಿಸೋಕೆ ಆಗಲಿಲ್ಲ ಅಂತ ಬರಿ."